ಸ್ಕೈವಾರ್ನ್ ತರಗತಿ ಮುಗಿಸಿದೆ, ಬೇಸಿಗೆಯ ಗುಡುಗು ಮಳೆಗೆ ಹೇಗೆ ತಯಾರಾಗಲಿ? (ಉತ್ತರ ಟೆಕ್ಸಸ್)

ಬೆಣ್ಣೆದೋಸೆ_ಲಿಟಲ್‌ಎಲ್ಮ್ | ಜೂನ್ 3

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಡಲ್ಲಾಸ್‌ನಿಂದ ಉತ್ತರಕ್ಕೆ ಲಿಟಲ್ ಎಲ್ಮ್‌ನಲ್ಲಿ. 2024ರ ಮೇ 28ರ ಬೆಳಿಗ್ಗೆ ಇಲ್ಲಿ ಬಂದ ಗಾಳಿ ನೆನಪಿದೆಯಲ್ಲ? ಡಲ್ಲಾಸ್ ಸುತ್ತ ಲಕ್ಷಾಂತರ ಮನೆಗೆ ಕರೆಂಟ್ ಹೋಗಿತ್ತು. ನಮ್ಮನೆಗೆ ಎರಡು ದಿನ ಬರಲಿಲ್ಲ. ಫ್ರಿಜ್‌ನಲ್ಲಿದ್ದ ದೋಸೆ ಹಿಟ್ಟು ಉಕ್ಕಿ ಕೆಳಗಿನ ತಟ್ಟೆವರೆಗೂ ಇಳಿದಿತ್ತು. ಆ ಹಿಟ್ಟು ಒರೆಸುವಾಗಲೇ ಅಂದುಕೊಂಡೆ, ಮುಂದಿನ ಸಲ ಸುಮ್ನೆ ಕೂರಬಾರದು ಅಂತ. ಈ ವರ್ಷ ಮಾರ್ಚ್‌ನಲ್ಲಿ ಸ್ಕೈವಾರ್ನ್ ತರಗತಿಗೆ ಕೂತೆ. ಬಿರುಗಾಳಿ, ಆಲಿಕಲ್ಲು ನೋಡಿ ವರದಿ ಮಾಡುವುದನ್ನು ಇಲ್ಲಿನ ಹವಾಮಾನ ಇಲಾಖೆ, ಅಂದರೆ ನ್ಯಾಷನಲ್ ವೆದರ್ ಸರ್ವಿಸ್‌ನವರು, ಸಾಮಾನ್ಯ ಜನರಿಗೆ ಕಲಿಸುವ ತರಗತಿ ಅದು. ಸುಮಾರು ಎರಡು ಗಂಟೆ, ಪುಕ್ಕಟೆ. ಈಗ ನಾನೂ ಸ್ಪಾಟರ್, ಅಂದರೆ ಕಂಡದ್ದನ್ನು ಅವರಿಗೆ ವರದಿ ಮಾಡುವವ.

ಆದರೆ ತರಗತಿಯಲ್ಲಿ ತೋರಿಸಿದ್ದೆಲ್ಲ ಬಯಲಿನಲ್ಲಿ ತೆಗೆದ ಟೊರ್ನಾಡೊ (ಸುಂಟರಗಾಳಿ) ಫೋಟೊಗಳು. ನಮ್ಮ ಹಿತ್ತಲಲ್ಲಿ ನಿಂತರೆ ಕಾಣುವುದು ಹಿಂದಿನ ಮನೆಯ ಚಾವಣಿ! ಏಪ್ರಿಲ್, ಮೇ ಮುಗಿಯಿತು, ಟೊರ್ನಾಡೊ ಕಾಲ ಕಳೆಯಿತು ಅನ್ನುತ್ತಾರೆ. ಹಾಗಾದರೆ ಬೇಸಿಗೆಯಲ್ಲಿ ಸ್ಪಾಟರ್‌ಗೆ ಕೆಲಸ ಇದೆಯಾ? ಏನು ಕೊಳ್ಳಬೇಕು? ಹ್ಯಾಮ್ ರೇಡಿಯೊ (ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊ) ಬೇಕೇ ಬೇಕಾ? ಇನ್ನೊಂದು, ನಾಚಿಕೆ ಬಿಟ್ಟು ಕೇಳುತ್ತೇನೆ. ವರದಿ ಮಾಡುವಾಗ ಫೋನ್‌ನಲ್ಲಿ ನನ್ನ ಇಂಗ್ಲಿಷ್ ವೆದರ್ ಸರ್ವಿಸ್‌ನವರಿಗೆ ಅರ್ಥ ಆಗದಿದ್ದರೆ? ಬ್ಯಾಂಕಿನವರೇ ಮೂರು ಸಲ ಹೇಳಿಸುತ್ತಾರೆ.

ನನ್ನ ಹೆಂಡತಿಯ ಪ್ರಶ್ನೆಯೂ ಒಂದಿದೆ: "ಎಲ್ಲರೂ ಒಳಗೆ ಓಡುವಾಗ ಇವರೊಬ್ಬರು ಹೊರಗೆ ನಿಲ್ಲಬೇಕಾ?"

---

ಗುಡುಗು_ಗುರು | ಜೂನ್ 3

ಗುರು, ಮೊದಲು ಒಂದು ಒಳ್ಳೆ ರೇಡಾರ್ ಆ್ಯಪ್ ತಗೊ, ಆಮೇಲೆ ಡ್ಯಾಶ್‌ಕ್ಯಾಮ್. ಮನೇಲಿ ಕೂತರೆ ಏನೂ ಕಾಣಲ್ಲ. ಮೋಡ ಎಲ್ಲಿದೆಯೋ ಅಲ್ಲಿಗೆ ಗಾಡಿ ಓಡಿಸು. ನಾನು ಹೋದ ವರ್ಷ ಡಿಕೇಟರ್ ಕಡೆ ಹೋಗಿ ಸಕ್ಕತ್ ವಿಡಿಯೊ ಮಾಡಿದೆ. ಜೋಶ್ ಇರಬೇಕು ಅಷ್ಟೇ.

---

ತೀರ್ಥಹಳ್ಳಿ_ಅಕ್ಕ | ಜೂನ್ 4

ಬೆಣ್ಣೆದೋಸೆಯವರೇ, ಮೇಲಿನ ತಮ್ಮನ ಮಾತು ಪಕ್ಕಕ್ಕಿಡಿ. ಗಾಡಿ ತೆಗೆಯಬೇಡಿ. ನಾನು ಡೆಂಟನ್‌ನಲ್ಲಿ ಹನ್ನೊಂದು ವರ್ಷದಿಂದ ಸ್ಪಾಟರ್. ಇವತ್ತಿನವರೆಗೆ ಒಂದೇ ಒಂದು ಟೊರ್ನಾಡೊ ಕಂಡಿಲ್ಲ. ಆದರೂ ವೆದರ್ ಸರ್ವಿಸ್‌ನ ಫೋರ್ಟ್‌ವರ್ತ್ ಆಫೀಸಿಗೆ ನಾನು ಕೊಟ್ಟ ವರದಿಗಳಲ್ಲಿ ಒಂದಷ್ಟು ಕೆಲಸಕ್ಕೆ ಬಂದಿವೆ.

ಮೊದಲು ನನ್ನ ಪೆಚ್ಚುತನ ಹೇಳುತ್ತೇನೆ. ಸ್ಪಾಟರ್ ಆದ ಎರಡನೇ ಬೇಸಿಗೆ, ಜೂನ್ ಕೊನೆ. ಪಶ್ಚಿಮದಲ್ಲಿ ಕಪ್ಪು ಮೋಡ. ಅದರ ಕೆಳಗೆ ಹರಿದ ಕಂಬಳಿಯ ಚುಂಗಿನ ಹಾಗೆ ಏನೋ ಜೋತಾಡುತ್ತಿತ್ತು. ಎದೆ ಡವಡವ. ಫೋನ್ ಮಾಡಿ "ಫನಲ್ ಕ್ಲೌಡ್" (ತಿರುಗುವ ಆಲಿಕೆಯಂಥ ಮೋಡ) ಅಂದುಬಿಟ್ಟೆ. ಆ ಕಡೆಯವರು ಶಾಂತವಾಗಿ ಕೇಳಿದರು, ತಿರುಗುತ್ತಿದೆಯಾ? ಒಂದು ನಿಮಿಷ ಕಣ್ಣು ಕದಲಿಸದೆ ನೋಡಿ ಹೇಳಿ ಅಂದರು. ನೋಡಿದೆ. ತಿರುಗುತ್ತಿರಲಿಲ್ಲ. ಸುಮ್ನೆ ಮೇಲಕ್ಕೆ ಏರಿ ಚದುರಿ ಹೋಯಿತು. ಇದಕ್ಕೆ ಸ್ಕಡ್ ಅಂತ ಹೆಸರು. ಮಳೆಯ ತಣ್ಣನೆ, ತೇವದ ಗಾಳಿಯಲ್ಲಿ ಹುಟ್ಟುವ ಚಿಂದಿ ಮೋಡ. ಅದರಿಂದ ಯಾವ ಅಪಾಯವೂ ಇಲ್ಲ. ನನಗೆ ಅವಮಾನ ಅನ್ನಿಸಿ ಫೋನ್ ಕೆಳಗಿಟ್ಟೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಗಾಳಿ ಬೀಸಿತು ನೋಡಿ, ಪಕ್ಕದ ಮನೆಯ ಓಕ್ ಮರದ ದಪ್ಪ ಕೊಂಬೆ ಸೀಳಿ ರಸ್ತೆಗೆ ಬಿತ್ತು. ಅದನ್ನು ನಾನು ವರದಿ ಮಾಡಲೇ ಇಲ್ಲ. ಮತ್ತೆ ನಗೆಪಾಟಲಾಗುವುದು ಯಾಕೆ ಅಂತ. ತಪ್ಪು ಅಂದರೆ ಅದು. ಸ್ಕಡ್ ನೋಡಿ ಹೆದರಿದ್ದಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಬೇಸಿಗೆಯಲ್ಲಿ ಇಲ್ಲಿ ಸ್ಪಾಟರ್‌ಗೆ ಕೆಲಸ ಜಾಸ್ತಿ ಗಾಳಿಯದ್ದು. ಜುಲೈನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಮೋಡದ ತಳ ತುಂಬಾ ಮೇಲಿರುತ್ತದೆ. ಅಲ್ಲಿಂದ ಬೀಳುವ ಮಳೆ ದಾರಿಯಲ್ಲೇ ಅರ್ಧ ಆರಿಹೋಗುತ್ತದೆ. ಆರುವಾಗ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತದೆ. ತಣ್ಣನೆ ಗಾಳಿ ಭಾರ, ಧಪ್ ಅಂತ ಕೆಳಗೆ ಬೀಳುತ್ತದೆ. ಬಚ್ಚಲ ಕಲ್ಲಿನ ಮೇಲೆ ಒಂದು ಕೊಡ ನೀರು ಸುರಿದರೆ ಸುತ್ತಲೂ ಚಿಮ್ಮುತ್ತದಲ್ಲ, ಹಾಗೆ ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ನುಗ್ಗುತ್ತದೆ. ಇದೇ ಡೌನ್‌ಬರ್ಸ್ಟ್. ಚಿಕ್ಕದಾದರೆ, ಅಂದರೆ ಎರಡೂವರೆ ಮೈಲಿಗಿಂತ ಕಡಿಮೆ ಅಗಲವಿದ್ದರೆ, ಮೈಕ್ರೊಬರ್ಸ್ಟ್. 1985ರ ಆಗಸ್ಟ್ 2ರಂದು ನಮ್ಮ ಡಲ್ಲಾಸ್-ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಡೆಲ್ಟಾ 191 ವಿಮಾನವನ್ನು ನೆಲಕ್ಕೆ ತಳ್ಳಿದ್ದು ಇದೇ. 137 ಜನ ಸತ್ತರು. ಟೊರ್ನಾಡೊ ಅಲ್ಲ, ಬೇಸಿಗೆಯ ಒಂದು ಸಂಜೆಯ ಗುಡುಗು ಮೋಡ. ಈ ಮೈಕ್ರೊಬರ್ಸ್ಟನ್ನು ಗುರುತಿಸಿ ಹೆಸರಿಟ್ಟವರು ಹವಾಮಾನ ವಿಜ್ಞಾನಿ ಟೆಡ್ ಫುಜಿಟಾ. ಟೊರ್ನಾಡೊದ ಬಲ ಹೇಳುವ ಎಫ್ ಅಂಕ ಕೊಟ್ಟವರೂ ಅವರೇ.

ಈ ಗಾಳಿ ಕೆಲವೇ ನಿಮಿಷದ ಆಟ. ಎಚ್ಚರಿಕೆ ಕೊಡುವಷ್ಟರಲ್ಲಿ ಮುಗಿದೂ ಹೋಗಬಹುದು. ರೇಡಾರ್‌ಗೆ ಎಲ್ಲ ಕಾಣುತ್ತದಲ್ಲ ಅನ್ನಬೇಡಿ. ಅದರ ಕಿರಣ ನೇರ ಹೋಗುತ್ತದೆ, ಭೂಮಿ ಬಾಗುತ್ತದೆ. ಫೋರ್ಟ್‌ವರ್ತ್ ದಕ್ಷಿಣಕ್ಕಿರುವ ರೇಡಾರಿನ ಅತಿ ಕೆಳಗಿನ ಕಿರಣ ಡೆಂಟನ್‌ಗೆ ಬರುವಷ್ಟರಲ್ಲಿ ನೆಲದಿಂದ ಸುಮಾರು 3,000 ಅಡಿ ಮೇಲಿರುತ್ತದೆ. 100 ಮೈಲಿ ದೂರದಲ್ಲಾದರೆ ಹತ್ತಿರ ಹತ್ತಿರ 10,000 ಅಡಿ. ಅದರ ಕೆಳಗೆ ನಿಮ್ಮ ಬೀದಿಯಲ್ಲಿ ಏನಾಗುತ್ತಿದೆ ಅಂತ ಹೇಳಲು ಒಬ್ಬ ಮನುಷ್ಯ ಬೇಕು. ಸ್ಪಾಟರ್ ಇರುವುದು ಇದಕ್ಕೇ.

ಈಗ ತಯಾರಿ. ಕೊಳ್ಳುವುದಕ್ಕಿಂತ ಮೊದಲು ನಿಮ್ಮ ಆಕಾಶ ಕಲಿಯಿರಿ. ನಮ್ಮ ತೀರ್ಥಹಳ್ಳಿ ಮನೆಯಲ್ಲಿ ಅಡಿಕೆ ಮರಗಳ ಮಧ್ಯೆ ಒಂದು ಚಾಪೆಯಷ್ಟು ಆಕಾಶ ಕಾಣುತ್ತಿತ್ತು. ಅಷ್ಟರಲ್ಲೇ ಅಪ್ಪ ಅಂಗಳದ ಅಡಿಕೆ ಯಾವಾಗ ಎತ್ತಬೇಕು ಅಂತ ಹೇಳುತ್ತಿದ್ದರು. ಮಹಡಿ ಮೇಲೆ ಯಾವ ಕಿಟಕಿ ಪಶ್ಚಿಮ ನೋಡುತ್ತದೆ, ಯಾವುದು ವಾಯವ್ಯ? ಫೋನಿನ ದಿಕ್ಸೂಚಿ ಹಿಡಿದು ನೋಡಿ. ಕಿಟಕಿಯಿಂದ ಕಾಣುವ ನೀರಿನ ಟ್ಯಾಂಕ್, ಮೊಬೈಲ್ ಟವರ್ ಎಷ್ಟು ಮೈಲಿ ಅಂತ ಮ್ಯಾಪಿನಲ್ಲಿ ಅಳೆದು ಒಂದು ಚೀಟಿಯಲ್ಲಿ ಬರೆದು ಕಿಟಕಿ ಪಕ್ಕ ಅಂಟಿಸಿ. ನಾನು ಅಂಟಿಸಿದ್ದು ಮಗಳ ರೂಮಿನಲ್ಲಿ. ಅವಳ ಗೆಳತಿಯರಿಗೆಲ್ಲ ಅದೊಂದು ತಮಾಷೆ. "ಮೋಡ ಅಲ್ಲೆಲ್ಲೋ ಇದೆ" ಅನ್ನುವ ವರದಿ ಯಾರಿಗೂ ಬೇಡ. "ನಾನು ಇಂಥ ಕಡೆ ಇದ್ದೇನೆ, ಮೋಡ ನನ್ನಿಂದ ವಾಯವ್ಯಕ್ಕೆ ನಾಲ್ಕು ಮೈಲಿ" ಅನ್ನಬೇಕು. ನಿಮ್ಮ ಜಾಗ ಬೇರೆ, ಮೋಡದ ಜಾಗ ಬೇರೆ. ಹೊಸಬರು ಎಡವುವುದು ಇಲ್ಲೇ.

ಎರಡನೆಯದು ಅಳತೆ. ಗಾಳಿ ಗಂಟೆಗೆ 58 ಮೈಲಿ, ಆಲಿಕಲ್ಲು ಒಂದು ಇಂಚು. ಇವೆರಡರಲ್ಲಿ ಒಂದು ಮುಟ್ಟಿದರೂ ಇಲ್ಲಿನ ಲೆಕ್ಕದಲ್ಲಿ ಅದು "ಸಿವಿಯರ್" (ತೀವ್ರ) ಗುಡುಗು ಮಳೆ. ಒಂದು ಇಂಚು ಅಂದರೆ ಕ್ವಾರ್ಟರ್ ನಾಣ್ಯದಷ್ಟು. ಪೆನ್ನಿ ಮುಕ್ಕಾಲು ಇಂಚು. ಗಾಲ್ಫ್ ಚೆಂಡು ಒಂದೂಮುಕ್ಕಾಲು. ನಾನು ಒಮ್ಮೆ "ಲೈಮ್ ಸೈಜ್" ಅಂದೆ. ನನ್ನ ತಲೆಯಲ್ಲಿದ್ದದ್ದು ನಮ್ಮೂರಿನ ಪುಟ್ಟ ನಿಂಬೆಹಣ್ಣು, ಅವರ ತಲೆಯಲ್ಲಿದ್ದದ್ದು ಇಲ್ಲಿನ ಅಂಗಡಿಯ ದೊಡ್ಡ ಹಣ್ಣು! ಗೋಲಿಯೂ ಅಷ್ಟೆ, ಒಬ್ಬೊಬ್ಬರ ಗೋಲಿ ಒಂದೊಂದು ಗಾತ್ರ. ಅದಕ್ಕೇ ಮಕ್ಕಳ ಪೆನ್ಸಿಲ್ ಡಬ್ಬಿಯ ಸ್ಕೇಲ್ ಒಂದು ಬಾಗಿಲ ಹತ್ತಿರ ಇಟ್ಟುಕೊಳ್ಳಿ. ಅತಿ ದೊಡ್ಡ ಕಲ್ಲನ್ನು, ಅದರ ಉದ್ದನೆಯ ಕಡೆ ಅಳೆಯಿರಿ. ತಕ್ಷಣ ಅಳೆಯಲು ಆಗದಿದ್ದರೆ ಜಿಪ್ ಚೀಲದಲ್ಲಿ ಹಾಕಿ ಫ್ರೀಜರ್‌ಗೆ. ನಮ್ಮ ಮನೆಯಲ್ಲಿ ಒಂದು ಸಲ ತುರಿದ ತೆಂಗಿನಕಾಯಿ ಪಕ್ಕ ಮೂರು ತಿಂಗಳು ಇತ್ತು.

ಗಾಳಿಯ ಅಂದಾಜು ಕಷ್ಟ. ಎಲ್ಲರೂ ಜಾಸ್ತಿಯೇ ಹೇಳುತ್ತಾರೆ, ನಾನೂ. ಚಿಕ್ಕ ರೆಂಬೆ ಮುರಿಯುವುದು 40 ಮೈಲಿ ಆಸುಪಾಸಿನಲ್ಲೇ ಶುರುವಾಗುತ್ತದೆ. ಹಾಗಾಗಿ ವೇಗ ಊಹಿಸಬೇಡಿ, ಏನು ಮುರಿಯಿತು ಹೇಳಿ. ಕೊಂಬೆ ಎಷ್ಟು ಇಂಚು ದಪ್ಪ? ಹಸಿಯೋ, ಒಳಗೆ ಹುಳು ತಿಂದದ್ದೋ? ಬೇಲಿ ಬಿದ್ದರೆ ಕಂಬದ ಬುಡ ಮೊದಲೇ ಕೊಳೆತಿತ್ತಾ? ನಮ್ಮ ಕಾಲೋನಿಗಳಲ್ಲಿ ಬಿಲ್ಡರುಗಳು ನೆಟ್ಟ ಬ್ರಾಡ್‌ಫರ್ಡ್ ಪೇರ್ ಮರ ಇದೆಯಲ್ಲ, ಅದು ಯಾರಾದರೂ ಜೋರಾಗಿ ಸೀನಿದರೂ ಸೀಳುತ್ತದೆ. ಅದರ ಸಾಕ್ಷಿ ನಂಬಬೇಡಿ.

ನೋಡಬೇಕಾದದ್ದು: ದೂರದ ಮಳೆಯ ಪರದೆ ನೆಲದ ಹತ್ತಿರ ಸೀರೆ ನೆರಿಗೆ ಕಾಲ ಬಳಿ ಹರಡಿದ ಹಾಗೆ ಹೊರಕ್ಕೆ ಬಾಗಿದರೆ, ಅಥವಾ ಮಳೆ ಮುಟ್ಟುವ ಜಾಗದಲ್ಲಿ ಧೂಳು ಉಂಗುರದಂತೆ ಎದ್ದರೆ, ಅದು ಡೌನ್‌ಬರ್ಸ್ಟ್. ಮೋಡದ ಮುಂದೆ ಉದ್ದಕ್ಕೆ ಅಟ್ಟದ ಹಲಗೆ ಇಟ್ಟಂತೆ ಬಂದರೆ ಶೆಲ್ಫ್ ಕ್ಲೌಡ್, ಹಿಂದೆಯೇ ಗಾಳಿ ಇದೆ ಅಂತ ಅರ್ಥ. ನೋಡಲು ಭಯಂಕರ, ಎಲ್ಲರೂ ಅದನ್ನೇ ಟೊರ್ನಾಡೊ ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತಾರೆ. ವಾಲ್ ಕ್ಲೌಡ್ ಬೇರೆ. ಅದು ಮಳೆ ಇಲ್ಲದ ಮೋಡದ ತಳದಿಂದ ಒಂದೇ ಕಡೆ ತಗ್ಗಿದ ಗುಡ್ಡೆ, ಚದುರದೆ ಸ್ವಲ್ಪ ಹೊತ್ತು ಉಳಿಯುತ್ತದೆ, ತಿರುಗಲೂಬಹುದು. ತಿರುಗುತ್ತಿದೆ ಅನ್ನುವ ಮೊದಲು ಒಂದು ನಿಮಿಷ ನೋಡಿ. ನಾನು ದಂಡ ತೆತ್ತು ಕಲಿತ ನಿಮಿಷ ಅದು.

ನಿಮ್ಮ ಮನೆಯವರಿಗೆ ಹೇಳಿ, ಹೊರಗೆ ನಿಲ್ಲಬೇಕಾಗಿಲ್ಲ. ನಿಲ್ಲಲೂಬಾರದು. ಗುಡುಗು ಕೇಳಿಸಿತು ಅಂದರೆ ಸಿಡಿಲು ತಲುಪುವಷ್ಟು ಹತ್ತಿರ ಇದ್ದೀರಿ ಅಂತ. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ. ಬಾಗಿಲು ತೆರೆದ ಗ್ಯಾರೇಜೂ ಒಳಗಲ್ಲ. ಹಿತ್ತಲ ಚಪ್ಪರವೂ ಅಲ್ಲ. ಗಾಳಿ ಬಂದೇಬಿಟ್ಟರೆ ಕಿಟಕಿಯನ್ನೂ ಬಿಟ್ಟು ಒಳಗಿನ ಕೋಣೆಗೆ ಹೋಗಿ. ವರದಿ ಹತ್ತು ನಿಮಿಷ ತಡವಾದರೂ ಪರವಾಗಿಲ್ಲ, ಆದದ್ದು ಯಾವಾಗ ಅಂತ ಹೇಳಿದರಾಯಿತು.

ಇಂಗ್ಲಿಷ್ ವಿಷಯ. ನನಗೂ ಅದೇ ಭಯ ಇತ್ತು. ಬರೆದುಕೊಂಡು ಓದಿ: ನಾನು ತರಬೇತಿ ಪಡೆದ ಸ್ಪಾಟರ್, ಎಷ್ಟು ಹೊತ್ತಿಗೆ, ಏನು, ಎಲ್ಲಿ, ಅಳೆದದ್ದೋ ಅಂದಾಜೋ. ನಾಲ್ಕು ಸಾಲು. ಫಿಫ್ಟಿ, ಫಿಫ್ಟೀನ್ ನಮ್ಮ ಬಾಯಲ್ಲಿ ಒಂದೇ ಥರ ಕೇಳಿಸುತ್ತದೆ. "ಫೈವ್ ಜೀರೊ", "ಒನ್ ಫೈವ್" ಅನ್ನಿ. ವೆಸ್ಟ್ ಅನ್ನುವಾಗ ತುಟಿ ದುಂಡಗೆ ಮಾಡಿ! ಮಾತು ಬೇಡವೇ ಬೇಡ ಅಂದರೆ ಅವರ ವೆಬ್‌ಸೈಟ್‌ನಲ್ಲಿ ಟೈಪ್ ಮಾಡಿ ಕಳಿಸಬಹುದು.

---

ಮೂರ್_ಮೂರ್ತಿ | ಜೂನ್ 4

ಅಕ್ಕ ಹೇಳಿದ ಮೇಲೆ ಹೆಚ್ಚು ಉಳಿದಿಲ್ಲ. ನಾನು ಒಕ್ಲಹೋಮಾದ ಮೂರ್‌ನಲ್ಲಿ ಇದ್ದೇನೆ. 2013ರ ಮೇ 20ರ ದೊಡ್ಡ ಟೊರ್ನಾಡೊ ನಮ್ಮೂರಿನದು, ಗೊತ್ತಿರಬೇಕು. ಆದರೆ ಗುಡುಗು_ಗುರು ಅವರಿಗೆ ಹೇಳಬೇಕಾದದ್ದು ಅದಾದ ಹನ್ನೊಂದು ದಿನಕ್ಕೆ ನಮ್ಮ ರಾಜ್ಯದ್ದೇ ಊರು ಎಲ್ ರೆನೊದಲ್ಲಿ ಆದದ್ದು. ಮೇ 31ರ ಆ ಟೊರ್ನಾಡೊ 2.6 ಮೈಲಿ ಅಗಲ ಇತ್ತು. ಮಳೆಯೊಳಗೆ ಮುಚ್ಚಿಕೊಂಡು ದಿಕ್ಕು ಬದಲಿಸಿತು. ಅದರಲ್ಲಿ ಟಿಮ್ ಸಮಾರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಕಾರಿನಲ್ಲಿ ಹೋಗುತ್ತಿದ್ದಾಗ ಸಿಕ್ಕಿಕೊಂಡು ತೀರಿಕೊಂಡರು. ಟಿಮ್ ಅಂದರೆ ಟೊರ್ನಾಡೊ ದಾರಿಯಲ್ಲಿ ಉಪಕರಣ ಇಟ್ಟು ಅಳೆದು ಬರುತ್ತಿದ್ದ ಮನುಷ್ಯ. ಜೋಶ್ ಅವರಿಗೇನೂ ಕಡಿಮೆ ಇರಲಿಲ್ಲ.

ಹ್ಯಾಮ್ ಬಗ್ಗೆ: ಬೇಕೇ ಬೇಕು ಅಂತಿಲ್ಲ, ಆದರೆ ಮೊಬೈಲ್ ಟವರ್ ಬಿದ್ದಾಗ ಅದೇ ಗತಿ. ಲೈಸೆನ್ಸ್‌ನ ಮೊದಲ ಹಂತದ ಟೆಕ್ನಿಷಿಯನ್ ಪರೀಕ್ಷೆಯಲ್ಲಿ 35 ಪ್ರಶ್ನೆ, 26 ಸರಿ ಇದ್ದರೆ ಪಾಸ್. ಪ್ರಶ್ನೆಗಳೆಲ್ಲ ಮೊದಲೇ ಬಹಿರಂಗ, ನಮ್ಮ ಪಿಯುಸಿ ಗೈಡ್ ಥರ ಉರು ಹೊಡೆಯಬಹುದು. ಲೈಸೆನ್ಸ್ ಇಲ್ಲದೆ ಮಾತಾಡುವಂತಿಲ್ಲ, ಕೇಳಬಹುದು. ಮೊದಲ ಒಂದು ಸೀಸನ್ ಸುಮ್ನೆ ಕೇಳಿ. ರೇಡಿಯೊದಲ್ಲಿ ಎಲ್ಲರ ಸರದಿ ನೋಡಿಕೊಳ್ಳುವ ನೆಟ್ ಕಂಟ್ರೋಲ್‌ನವರು "ಒಂದು ಇಂಚಿನ ಮೇಲಿನ ಆಲಿಕಲ್ಲು ಇದ್ದರೆ ಮಾತ್ರ ಬನ್ನಿ" ಅಂದಾಗ "ಇಲ್ಲಿ ಮಳೆ ಶುರುವಾಯಿತು ಸರ್" ಅನ್ನುವವರು ಪ್ರತಿ ಸಲ ಒಬ್ಬರು ಇರುತ್ತಾರೆ. ಆ ಒಬ್ಬರು ನೀವಾಗಬೇಡಿ.

---

ಚಳ್ಳಕೆರೆ_ಕಂಬಳಿ | ಜೂನ್ 5

ಅಮೆರಿಕದವರ ಮಾತಿನ ನಡುವೆ ಬಂದೆ, ಕ್ಷಮಿಸಿ. ನಮ್ಮಲ್ಲೂ ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಇದೇ ಕಥೆ. "ಭರಣಿ ಮಳೆ ಬಂದರೆ ಧರಣಿ ಬೆಳೆ" ಅಂತ ಕಾಯುತ್ತೇವೆ, ಮಳೆಗಿಂತ ಮೊದಲು ಸಿಡಿಲು ಬರುತ್ತದೆ. ಹೊಲದಲ್ಲಿ ಇರುವವರು, ಕುರಿ ಕಾಯುವವರು ಹುಣಸೆ ಮರದಡಿ ಓಡುತ್ತಾರೆ. ಸಾವು ಜಾಸ್ತಿ ಅಲ್ಲೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ "ಸಿಡಿಲು" ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯವರ "ದಾಮಿನಿ" ಇದೆ. ನನ್ನ ಫೋನಿನಲ್ಲಿ ಎರಡೂ ಇವೆ. ಕುರಿ ಕಾಯುವ ನಮ್ಮ ಚಿಕ್ಕಪ್ಪನ ಬಳಿ ಇರುವುದು ಬಟನ್ ಫೋನ್. ಆದ್ದರಿಂದ ನಾನು ನೋಡಿ ಅವರಿಗೆ ಫೋನ್ ಮಾಡುತ್ತೇನೆ. ಪಡುವಣದಲ್ಲಿ ಮೋಡ ಹೇಗಿದೆ ಅಂತ ಅವರು ನನಗೆ ಹೇಳುತ್ತಾರೆ. ಅವರೂ ಸ್ಪಾಟರೇ ಅಲ್ವಾ ಅಕ್ಕ?

---

ತೀರ್ಥಹಳ್ಳಿ_ಅಕ್ಕ | ಜೂನ್ 5

ಹೌದು ತಮ್ಮಾ, ನಮಗಿಂತ ಒಳ್ಳೆಯ ಸ್ಪಾಟರ್. ಮರದಡಿ ಬೇಡ ಅಂತ ಮಾತ್ರ ಪ್ರತಿ ಸಲ ಹೇಳು. ಹತ್ತಿರ ಗಟ್ಟಿ ಕಟ್ಟಡ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಲೋಹದ ಚಾವಣಿ ಇರುವ, ಕಿಟಕಿ ಮುಚ್ಚಿದ ಕಾರು, ಜೀಪು ಇದ್ದರೆ ಅದರೊಳಗೆ. ಮೋಡ ಕಂಡಾಗಲೇ ಹೊರಡಬೇಕು, ಹನಿ ಬಿದ್ದ ಮೇಲಲ್ಲ.

---

ಬೆಣ್ಣೆದೋಸೆ_ಲಿಟಲ್‌ಎಲ್ಮ್ | ಜೂನ್ 19

ಮೊದಲ ವರದಿ ಕೊಟ್ಟೆ! ನಿನ್ನೆ ಸಂಜೆ.

ಅಕ್ಕ ಹೇಳಿದಂತೆ ಮಹಡಿಯ ಪಶ್ಚಿಮದ ಕಿಟಕಿಗೆ ಚೀಟಿ ಅಂಟಿಸಿದ್ದೆ. ನೀರಿನ ಟ್ಯಾಂಕ್ 2.1 ಮೈಲಿ. ಆರು ಗಂಟೆ ಹೊತ್ತಿಗೆ ಆ ಟ್ಯಾಂಕ್ ಮಳೆಯಲ್ಲಿ ಮಾಯವಾಯಿತು. ಆಮೇಲೆ ಮೋಡದ ಕೆಳಗೆ ಒಂದು ಚಿಂದಿ ಜೋತುಬಿತ್ತು. ಕೈ ಫೋನ್ ಕಡೆ ಹೋಯಿತು, ನಿಜ ಹೇಳುತ್ತೇನೆ. ಗಡಿಯಾರ ನೋಡಿಕೊಂಡು ಒಂದು ನಿಮಿಷ ಕಾದೆ. ತಿರುಗಲಿಲ್ಲ, ಚದುರಿತು. ಸ್ಕಡ್! ನನ್ನ ಹೆಂಡತಿಗೆ ಎಷ್ಟು ಹೆಮ್ಮೆಯಿಂದ ಹೇಳಿದೆ ಅಂದರೆ ಅವಳು ಏನೋ ದೊಡ್ಡದೇ ಅಂದುಕೊಂಡಳು.

6:42ಕ್ಕೆ ಆಲಿಕಲ್ಲು ಶುರು. ಹೊರಗೆ ಹೋಗುವಂತಿಲ್ಲವಲ್ಲ, ಗುಡುಗು ಇತ್ತು. ಹಿಂಬಾಗಿಲು ಒಂದು ಗೇಣು ತೆಗೆದು ಪೊರಕೆಯಿಂದ ನಾಲ್ಕೈದು ಕಲ್ಲು ಒಳಗೆ ಎಳೆದುಕೊಂಡೆ. ಮಗನ ಸ್ಕೇಲ್‌ನಲ್ಲಿ ಅಳೆದೆ. ಮೊದಲು ಸೆಂಟಿಮೀಟರ್ ಕಡೆ ಹಿಡಿದು "ಎರಡು!" ಅಂತ ಕಿರುಚಿದೆ, ಮಗ ಸ್ಕೇಲ್ ತಿರುಗಿಸಿ ಕೊಟ್ಟ. ಮುಕ್ಕಾಲು ಇಂಚು. ಪೆನ್ನಿ. ಒಂದು ಇಂಚು ಆಗಲಿಲ್ಲವಲ್ಲ ಅಂತ ಅನುಮಾನಿಸುತ್ತಲೇ ಫೋನ್ ಮಾಡಿದೆ. ಚೀಟಿ ನೋಡಿ ಓದಿದೆ. "ಜೀರೊ ಪಾಯಿಂಟ್ ಸೆವೆನ್ ಫೈವ್, ಮೆಶರ್ಡ್". ಅವರು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು! ಧನ್ಯವಾದ ಅಂದರು. ಒಟ್ಟು ನಲವತ್ತು ಸೆಕೆಂಡ್. ಬ್ಯಾಂಕಿನವರಿಗಿಂತ ಎಷ್ಟೋ ವಾಸಿ.

ಆಮೇಲೆ ಗಾಳಿ. ಎಲ್ಲರೂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತೆವು. ಗುಡುಗು ನಿಂತು ಅರ್ಧ ಗಂಟೆ ಆದ ಮೇಲೆ ಹೊರಗೆ ಬಂದರೆ ಎದುರು ಮನೆಯ ಲೈವ್ ಓಕ್ ಕೊಂಬೆ ಕೆಳಗಿದೆ. ಸುತ್ತಳತೆ ತೆಗೆದು 3.14ರಿಂದ ಭಾಗಿಸಿದೆ, ದಪ್ಪ ಐದು ಇಂಚು. ಹಸಿ ಮರ, ಹುಳು ಇಲ್ಲ. ಬಿದ್ದಿರುವುದು ಪೂರ್ವಕ್ಕೆ. ಅದನ್ನೂ ವೆಬ್‌ಸೈಟ್‌ನಲ್ಲಿ ಫೋಟೊ ಜೊತೆ ಹಾಕಿದೆ. ಪಕ್ಕದ ಬೀದಿಯಲ್ಲಿ ಎರಡು ಬ್ರಾಡ್‌ಫರ್ಡ್ ಪೇರ್ ಕೂಡ ಸೀಳಿವೆ. ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ 😀

---

ತೀರ್ಥಹಳ್ಳಿ_ಅಕ್ಕ | ಜೂನ್ 19

ಭಲೇ! ಪೊರಕೆ ಉಪಾಯ ಚೆನ್ನಾಗಿದೆ, ಆದರೂ ಗುಡುಗುವಾಗ ಬಾಗಿಲು ತೆಗೆಯಬೇಡಿ, ಕಲ್ಲು ಕರಗಿ ಹೋದರೂ ಪರವಾಗಿಲ್ಲ. ಒಂದು ಇಂಚಿಗಿಂತ ಕಡಿಮೆ ಇದ್ದರೂ ಅಳೆದದ್ದಾದರೆ ಅವರಿಗೆ ಉಪಯೋಗ. ಮೋಡ ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ಅಂತ ತಿಳಿಯುತ್ತದೆ.

ಕೊಂಬೆ ಎಷ್ಟು ಹೊತ್ತಿಗೆ ಬಿತ್ತು? ಅದನ್ನು ಬರೆದೇ ಇಲ್ಲ ನೀವು.

---

ಬೆಣ್ಣೆದೋಸೆ_ಲಿಟಲ್‌ಎಲ್ಮ್ | ಜೂನ್ 19

ಅಯ್ಯೋ. ಎದುರು ಮನೆಯವರ ಡೋರ್‌ಬೆಲ್ ಕ್ಯಾಮೆರಾದಲ್ಲಿ ಇರಬಹುದು. ಕೇಳಿ ಬರುತ್ತೇನೆ.